ಬಣ್ಣದ ಸೂಜಿ

ಹೈದರಾಬಾದ್
11 ಆಗಸ್ಟ್ 1997

ಹೊನ್ನೂರಮ್ಮ ಅತ್ತಿಗೆಗೆ ಸುಂಕಲಮ್ಮ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ಮನೆಗೆ ಹಾಕದೆ ನಿನ್ನ ಅಂಗನವಾಡಿಯ ವಿಳಾಸಕ್ಕೆ ಹಾಕಿದ್ದೇನೆ, ಗಾಬರಿಯಾಗಬೇಡ. ಮನೆಗೆ ಬಂದ ಕಾಗದ ಯಾರ ಹೆಸರಿನಲ್ಲಿದ್ದರೂ ಒಡೆಯುವವನು ಅಣ್ಣ. ಕಟ್ಟೆಯ ಮೇಲೆ ಕುಳಿತು ಓಣಿಗೆಲ್ಲ ಕೇಳುವಂತೆ ಓದುವವನೂ ಅವನೇ. ಇದನ್ನು ಅವನು ಓದಬಾರದು. ಓದಿ ಮುಗಿಸಿದ ಮೇಲೆ ಒಲೆಗೆ ಹಾಕು.

ನೀವು ಹೊಸಪೇಟೆಯಲ್ಲಿ ತೆಗೆಸಿ ಕಳಿಸಿದ ಎಕ್ಸ್‌ರೇಯನ್ನು ನಮ್ಮ ಆಸ್ಪತ್ರೆಯ ಎದೆ ಡಾಕ್ಟರಿಗೆ ತೋರಿಸಿದೆ. ಅಣ್ಣನ ಎಡಗಡೆಯ ಶ್ವಾಸಕೋಶದಲ್ಲಿ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಪಕ್ಕಕ್ಕೆ ಒಂದು ಗಂಟು ಇದೆ. ನೆಲ್ಲಿಕಾಯಿಯಷ್ಟಿದೆ. ಸಂಡೂರಿನ ಗಣಿಯಲ್ಲಿ ಹನ್ನೆರಡು ವರ್ಷ ಬಂಡೆ ಕೊರೆದ ಎದೆ ಅದು. ಹಳೆಯ ಕ್ಷಯ ಮಾಗಿ ಗಂಟಾಗಿರಬಹುದು, ಗಣಿಯ ದೂಳು ಗಟ್ಟಿಯಾಗಿರಬಹುದು, ಇಲ್ಲವೆ ಕೆಟ್ಟದ್ದಿರಬಹುದು. ಬರೀ ಎಕ್ಸ್‌ರೇ ನೋಡಿ ಹೇಳಲು ಬರುವುದಿಲ್ಲ. ಚುಚ್ಚಿ ಚೂರು ತೆಗೆದು ನೋಡೋಣವೆಂದರೆ ರಕ್ತನಾಳ ಪಕ್ಕದಲ್ಲೇ ಇದೆ, ಡಾಕ್ಟರು ಬೇಡ ಅಂದರು.

ಅದಕ್ಕೆ ನಾನು ಕೆಲಸ ಮಾಡುವ ಎಂ.ಆರ್.ಐ. ಮಷೀನಿನಲ್ಲಿ ನೋಡೋಣ ಅನ್ನುತ್ತಾರೆ. ದೊಡ್ಡ ಆಯಸ್ಕಾಂತದ ಸುರಂಗ ಅದು. ಮಲಗಿಸಿ ಮೊದಲು ಕೆಲವು ಚಿತ್ರ ತೆಗೆಯುತ್ತೇವೆ. ಆಮೇಲೆ ಕೈಯ ನರಕ್ಕೆ ಒಂದು ಸೂಜಿ ಮಾಡಿ, ಉಸಿರು ಹಿಡಿಸಿ ಹಿಡಿಸಿ ಮತ್ತೆ ತೆಗೆಯುತ್ತೇವೆ. ಆ ಸೂಜಿಯಲ್ಲಿರುವುದು ಔಷಧಿಯಲ್ಲ, ಒಂದು ತರಹದ ಬಣ್ಣ. ಕಣ್ಣಿಗೆ ನೀರಿನ ಹಾಗೆ ಕಾಣುತ್ತದೆ, ಚಿತ್ರದಲ್ಲಿ ಬೆಳ್ಳಗೆ ಬೆಳಗುತ್ತದೆ. ಗಂಟು ಹಳೆಯ ಗಾಯವಾದರೆ ಬಣ್ಣ ಅಂಚಿಗೆ ಮಾತ್ರ ತೆಳ್ಳಗೆ ಹತ್ತುತ್ತದೆ. ಕೆಟ್ಟದ್ದಾದರೆ ಅದಕ್ಕೆ ರಕ್ತದ ಹರಿವು ಜಾಸ್ತಿ, ನೋಡನೋಡುತ್ತಲೇ ಒಳಗೆಲ್ಲ ಹಿಡಿಯುತ್ತದೆ. ಹಾಗಾದರೆ ಎದೆ ಕೊಯ್ದು ಗಂಟನ್ನು ತೆಗೆಯಲೇಬೇಕು. ಈಗಿನ ಗಾತ್ರದಲ್ಲಿ ತೆಗೆದರೆ ಮನುಷ್ಯ ಉಳಿಯುತ್ತಾನೆ, ಬೆಳೆಯಲು ಬಿಟ್ಟರೆ ಇಲ್ಲ. ಡಾಕ್ಟರು ಇದನ್ನು ಹೊಸದಾಗಿ ಅಭ್ಯಾಸ ಮಾಡುತ್ತಿರುವುದರಿಂದ ನಮಗೆ ಖರ್ಚಿಲ್ಲ.

ಕೊಯ್ಯುವ ಮಾತು ಕಿವಿಗೆ ಬಿದ್ದರೆ ಅಣ್ಣ ಬಸ್ಸು ಹತ್ತುವುದಿಲ್ಲ ಅನ್ನುವುದು ನಿನಗೇ ಗೊತ್ತು. ಗಣಿಯಲ್ಲಿ ಬಂಡೆ ಬಿದ್ದ ಹಂಪಯ್ಯನನ್ನು ಆಪರೇಷನ್ನಿಗೆ ಒಯ್ದು ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಅವನು ಮರೆತಿಲ್ಲ. ಆದ್ದರಿಂದ ಸದ್ಯಕ್ಕೆ ಹೀಗೆ ಹೇಳು: ಹೈದರಾಬಾದಿನಲ್ಲಿ ಗಂಟಿಗೆ ಒಂದು ಸೂಜಿ ಮಾಡುತ್ತಾರೆ, ಸುಂಕಿಯೇ ಮಾಡುತ್ತಾಳೆ, ಅಷ್ಟೇ. ಮೊದಲು ಅವನು ಇಲ್ಲಿಗೆ ಬರಲಿ. ಮುಂದಿನದನ್ನು ಮುಂದೆ ನೋಡೋಣ.

ನಿನ್ನ
ಸುಂಕಲಮ್ಮ

*

ಕಂಪ್ಲಿ
20 ಆಗಸ್ಟ್ 1997

ಸುಂಕಲಮ್ಮನಿಗೆ ಆಶೀರ್ವಾದಗಳು.

ನೀನು ಹೇಳಿದಂತೆ ಕಾಗದವನ್ನು ಒಲೆಗೆ ಹಾಕಿದೆ. ಮಕ್ಕಳಿಗೆ ಉಪ್ಪಿಟ್ಟು ಕೆದಕುತ್ತಾ ಓದಿದೆ, ಅದೇ ಒಲೆಗೆ ಹಾಕಿದೆ. ಉಪ್ಪಿಟ್ಟು ತಳ ಹಿಡಿಯಿತು. ನಿಮ್ಮ ಆಸ್ಪತ್ರೆಯ ಸುದ್ದಿಗೆ ಇಲ್ಲಿ ಇಪ್ಪತ್ತು ಮಕ್ಕಳು ಕರಿ ಉಪ್ಪಿಟ್ಟು ತಿಂದವು.

ನಿಮ್ಮಣ್ಣನನ್ನು ಒಪ್ಪಿಸಲು ಏನೂ ಕಷ್ಟವಾಗಲಿಲ್ಲ. ಸೂಜಿ ಅಂದ ಕೂಡಲೇ ಮುಖ ಅರಳಿತು. "ಅಷ್ಟು ದೂರದ ಸೂಜಿ ಅಂದ್ರ ಭಾಳ ಪವರ್ ಇರಬೇಕಲೇ. ಇಲ್ಲಿ ಡಾಕ್ಟರು ಬರೇ ಗುಳಿಗಿ ಕೊಟ್ಟು ಕೊಟ್ಟು ಕಳಸ್ತಾನ" ಅಂದರು. ನಮ್ಮ ಊರಿನ ಬುದ್ಧಿ ನಿನಗೆ ಗೊತ್ತಿದೆ. ನಾಟಿಯ ಕಾಲದಲ್ಲಿ ಆಳುಗಳಿಗೆ ಜ್ವರ ಬಂದರೂ ಸೂಜಿ, ಸೊಂಟ ಹಿಡಿದರೂ ಸೂಜಿ. ಸೂಜಿ ಮಾಡದ ಡಾಕ್ಟರ ಬಾಗಿಲಲ್ಲಿ ನೊಣ ಕೂಡ ಕೂರುವುದಿಲ್ಲ.

ಕಾಲುವೆಗೆ ನೀರು ತುಂಬಿ ಹರಿಯುತ್ತಿದೆ. ಗದ್ದೆ ಹಸಿರಾಗಿದೆ, ಕಬ್ಬು ಆಳೆತ್ತರ ಬಂದಿದೆ. ಗಣಿ ಬಿಟ್ಟು ಇಲ್ಲಿ ಭೂಮಿ ಮಾಡಿದ್ದು ಈಗ ಕೈಗೆ ಹತ್ತಿದೆ ಅಂತ ನಿಮ್ಮಣ್ಣ ದಿನಕ್ಕೊಮ್ಮೆ ಹೇಳುತ್ತಾರೆ. ಹಾಗೆ ಹೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ.

ಕೆಮ್ಮು ಮೊದಲಿನಷ್ಟೇ ಇದೆ, ಬೇರೇನೂ ಇಲ್ಲ. ಅವರ ಟವಲ್ಲನ್ನು ಈಗ ಕಾಲುವೆಗೆ ಒಯ್ಯದೆ ಹಿತ್ತಲಲ್ಲೇ ಒಗೆಯುತ್ತೇನೆ. ಮುಂದಿನ ತಿಂಗಳು ಎರಡನೇ ವಾರ ಬರುತ್ತೇವೆ.

ನಿನ್ನ ಅತ್ತಿಗೆ
ಹೊನ್ನೂರಮ್ಮ

*

ಕಂಪ್ಲಿ
19 ಸೆಪ್ಟೆಂಬರ್ 1997

ಸುಂಕಲಮ್ಮನಿಗೆ,

ಸುಖವಾಗಿ ಊರು ಸೇರಿದೆವು. ನಿಮ್ಮಣ್ಣ ಬಂದವರು ಬಂದ ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟರು, ಕಾಲು ಕೂಡ ತೊಳೆಯಲಿಲ್ಲ. ಓಣಿಯೆಲ್ಲ ಸೇರಿತ್ತು. ಅವರ ಭಾಷಣ ಕೇಳು: "ಮೊದಲ ಕಣ್ಣಿಂದು ಎಕ್ಸ್‌ರೇ ತೆಗದ್ರು. ಗಣಿಯಾಗ ಇದ್ದಾವ ಅಂದ್ರ ಕಣ್ಣಾಗ ಕಬ್ಬಿಣದ ಚೂರು ಇದ್ರೂ ಇರತೈತಂತ, ಆ ಮಷೀನು ಜಗ್ಗಿಬಿಡತೈತಂತ. ಒಳಗ ಹೋದ ಮ್ಯಾಲ ಡ್ರಿಲ್ ಹೊಡದಂಗ ಸಪ್ಪಳ. ಸಂಡೂರಾಗ ಕೇಳಿದ್ದು, ಈಗ ಕೇಳಿದೆ. ನಮ್ಮ ಸುಂಕಿ ಮೈಕಿನಾಗ 'ಉಸಿರು ಹಿಡಿಯೋ ಅಣ್ಣಾ, ಉಸಿರು ಬಿಡೋ ಅಣ್ಣಾ' ಅಂತಿದ್ಲು. ಸೂಜಿ ಒಳಗ ಹೋದ ಕೂಡ್ಲೇ ಭುಜದ ತನಕ ತಣ್ಣಗಾತು ನೋಡ್ರಿ. ಆವಾಗಲೇ ಅಂದ್ಕೊಂಡೆ, ಗಂಟಿನ ಕಥಿ ಮುಗೀತು ಅಂತ."

ನಗು ಬಂತು, ಅಳುವೂ ಬಂತು. ನೀನು ಅಲ್ಲಿ ಗಾಜಿನ ಹಿಂದೆ ಕುಳಿತು ಚಿತ್ರ ನೋಡುತ್ತಿದ್ದಾಗ ನಿನ್ನ ಮುಖವನ್ನೇ ನೋಡುತ್ತಿದ್ದೆ. ಏನೂ ಗೊತ್ತಾಗಲಿಲ್ಲ. ಡಾಕ್ಟರು ನಿನ್ನ ಹತ್ತಿರ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನೀನು ನಮ್ಮ ಕಡೆ ತಿರುಗಿ "ಚಿತ್ರ ಚೆನ್ನಾಗಿ ಬಂದಿವೆ, ಕೂತು ನೋಡಿ ತಿಳಿಸುತ್ತಾರಂತೆ" ಅಂದೆ.

ನಿಮ್ಮ ಡಾಕ್ಟರು ಕೆಮ್ಮಿಗೆ ಕೊಟ್ಟ ಗುಳಿಗೆಗಳನ್ನು ಹೊತ್ತು ತಪ್ಪದೆ ನುಂಗಿಸುತ್ತಿದ್ದೇನೆ. ಬೀಡಿಯನ್ನು ಅವರೇ ಬಿಟ್ಟಿದ್ದಾರೆ. ಸೂಜಿಗೆ ಪಥ್ಯ ಅಂತೆ. ನಾನು ಇಷ್ಟು ವರ್ಷ ಬಾಯಿ ಬಡಿದುಕೊಂಡದ್ದಕ್ಕೆ ಆಗದ್ದು ನಿನ್ನ ಒಂದು ಸೂಜಿಗೆ ಆಯಿತು.

ಸಂಡೂರಿನ ಕಡೆಯ ವಡ್ಡು ಊರಿನಿಂದ ಮುದುಕಪ್ಪ ಬಂದಿದ್ದ. ಗಣಿಯಲ್ಲಿ ನಿಮ್ಮಣ್ಣನ ಜೊತೆ ಡ್ರಿಲ್ ಹಿಡಿಯುತ್ತಿದ್ದವನು. ಅವನಿಗೂ ಕೆಮ್ಮು. "ಉಚ್ಚೆಂಗಪ್ಪ, ನನಗೂ ಆ ಸೂಜಿ ಮಾಡಸ್ತಿಯೇನಪ್ಪ" ಅಂದ. ಇವರು ಆಗಲೇ ಮಾತು ಕೊಟ್ಟುಬಿಟ್ಟಿದ್ದಾರೆ.

ಜಲ್ದಿ ಬರೆ.

ಹೊನ್ನೂರಮ್ಮ

*

ಹೈದರಾಬಾದ್
26 ಸೆಪ್ಟೆಂಬರ್ 1997

ಉಚ್ಚೆಂಗಪ್ಪ ಅಣ್ಣನಿಗೆ, ಹೊನ್ನೂರಮ್ಮ ಅತ್ತಿಗೆಗೆ ನಮಸ್ಕಾರಗಳು.

ಇಬ್ಬರಿಗೂ ಸೇರಿಸಿ ಮನೆಗೇ ಬರೆಯುತ್ತಿದ್ದೇನೆ. ಡಾಕ್ಟರು ಚಿತ್ರಗಳನ್ನೆಲ್ಲ ನೋಡಿದರು. ಸೂಜಿ ಮಾಡಿದ ಮೊದಲ ನಿಮಿಷದಲ್ಲೇ ಗಂಟು ಅದನ್ನು ಪೂರ್ತಿ ಹಿಡಿದಿದೆ. ಆದ್ದರಿಂದ ತಡಮಾಡದೆ ಮುಂದಿನ ಕೆಲಸ ಮಾಡಬೇಕು ಅಂದಿದ್ದಾರೆ. ಅಕ್ಟೋಬರ್ 13, ಸೋಮವಾರ, ತಾರೀಖು ಗೊತ್ತು ಮಾಡಿದ್ದೇನೆ. ಹದಿನೈದು ದಿನ ಇಲ್ಲೇ ಉಳಿಯುವ ಹಾಗೆ ಬನ್ನಿ. ಗದ್ದೆಯನ್ನು ಯಾರಿಗಾದರೂ ಒಪ್ಪಿಸಿ ಬನ್ನಿ.

ಅಣ್ಣಾ, ಧೈರ್ಯವಾಗಿರು. ಭಾರ ಎತ್ತಬೇಡ.

ಅತ್ತಿಗೆ, ಮೊದಲ ಕಾಗದದಲ್ಲಿ ಎಲ್ಲ ಬರೆದಿದ್ದೇನೆ. ನಿನಗೆ ತಿಳಿಯುತ್ತದೆ.

ಸುಂಕಲಮ್ಮ

*

ಕಂಪ್ಲಿ
17 ಅಕ್ಟೋಬರ್ 1997

ಸುಂಕಲಮ್ಮನಿಗೆ,

ನಿನ್ನ ಕಾಗದ ಬಂದ ದಿನ ನಮ್ಮ ಕಟ್ಟೆಯ ಮೇಲೆ ಹಬ್ಬ. ನಿಮ್ಮಣ್ಣ ಅದನ್ನು ಎರಡು ಸಲ ಓದಿದರು. "ಕೇಳಿದ್ರೇನು? ಮೊದಲನೇ ನಿಮಿಷಕ್ಕ ಹಿಡದೈತಂತ! ಪೂರ್ತಿ ಹಿಡದೈತಂತ!" ಅಂತ ಕೂಗಿ, ಅಂಗಡಿಯಿಂದ ಸಕ್ಕರೆ ತರಿಸಿ ಬಂದವರ ಕೈಗೆಲ್ಲ ಹಾಕಿದರು.

ತಾರೀಖಿಗೆ ಬರಲಾಗಲಿಲ್ಲ, ಸಿಟ್ಟಾಗಬೇಡ. ಸಕ್ಕರೆ ಕಾರ್ಖಾನೆಯಿಂದ ಕಡಿಯಲು ಪರ್ಮಿಟ್ ಬಂತು. ಈ ಸಲ ತಪ್ಪಿದರೆ ಕಬ್ಬು ಗದ್ದೆಯಲ್ಲೇ ಒಣಗುತ್ತದೆ. "ಹಿಡದ ಮ್ಯಾಲ ಇನ್ನ ಯಾಕ ಓಡಬೇಕು? ಎರಡನೇ ಸೂಜಿಗೆ ಕಬ್ಬು ಕಡದು ಹೋಗಾಣ" ಅನ್ನುತ್ತಾರೆ.

ನಿಜ ಹೇಳಬೇಕೆಂದರೆ ಸುಂಕಲಮ್ಮ, ಕೆಮ್ಮು ಮುಕ್ಕಾಲು ಪಾಲು ನಿಂತಿದೆ. ಎರಡು ರೊಟ್ಟಿ ಉಣ್ಣುತ್ತಿದ್ದವರು ನಾಲ್ಕು ಉಣ್ಣುತ್ತಾರೆ. ರಾತ್ರಿ ಎದ್ದು ಕೂರುವುದಿಲ್ಲ. ಮೊನ್ನೆ ಕಬ್ಬಿನ ಗಾಡಿಯ ಮೇಲೆ ನಿಂತು ಆಳುಗಳಿಗೆ ಬೈಯುತ್ತಿದ್ದರು, ಆ ದನಿ ಕಾಲುವೆಯ ಆಚೆ ದಂಡೆಗೂ ಕೇಳುತ್ತಿತ್ತು. ನಿಂತು ಕೇಳಿದೆ. ಮದುವೆಯಾದ ಹೊಸದರಲ್ಲಿ ಆ ದನಿಗೆ ಹೆದರುತ್ತಿದ್ದೆ, ಈಗ ಎಷ್ಟು ಹಿತವಾಯಿತು ಅಂತೀ. ನಾವು ಏನೇನೋ ಹೆದರಿದೆವು ಅಂತ ನನಗೂ ಅನ್ನಿಸುತ್ತಿದೆ.

ದೀಪಾವಳಿಗೆ ಬಾ. ಬಂದು ಕಣ್ಣಾರೆ ನೋಡು ನಿಮ್ಮಣ್ಣನನ್ನು.

ಹೊನ್ನೂರಮ್ಮ

*

ಹೈದರಾಬಾದ್
25 ಅಕ್ಟೋಬರ್ 1997

ಅತ್ತಿಗೆಗೆ,

ಕಾಗದ ತಲುಪಿತು. ಇದನ್ನು ಅಂಗನವಾಡಿಗೇ ಹಾಕುತ್ತಿದ್ದೇನೆ. ಅಣ್ಣ ಪಕ್ಕದಲ್ಲಿ ಕುಳಿತು ಬರೆಸಿದ್ದಾನೆ ಅಂತ ಓದುವಾಗಲೇ ಗೊತ್ತಾಯಿತು. ನೀನು ಬಾಯಿ ಬಿಟ್ಟು ಹೇಳಲಾಗದೆ ಒದ್ದಾಡುತ್ತಿರಬೇಕು. ನಿನಗೆ ಎಲ್ಲ ಗೊತ್ತಿರುವುದರಿಂದ ಹೆಚ್ಚು ಬರೆಯುವುದಿಲ್ಲ. ಡಾಕ್ಟರ ಕೈಕಾಲು ಹಿಡಿದು ನವೆಂಬರ್ 10ಕ್ಕೆ ಮತ್ತೆ ತಾರೀಖು ಹಾಕಿಸಿದ್ದೇನೆ. ಕಬ್ಬು ಏನಾದರೂ ಆಗಲಿ, ಏನು ಹೇಳಿಯಾದರೂ ಸರಿ, ಕರೆದುಕೊಂಡು ಬಾ. ಎರಡನೇ ಸೂಜಿ ಅಂತಲೇ ಹೇಳು, ಪರವಾಗಿಲ್ಲ.

ಹಬ್ಬಕ್ಕೆ ಬರಬೇಕೆಂದು ಬಹಳ ಆಸೆಯಿತ್ತು. ರಜೆ ಸಿಗಲಿಲ್ಲ.

ಸುಂಕಲಮ್ಮ

*

ಕಂಪ್ಲಿ
14 ಜನವರಿ 1998

ಸುಂಕಲಮ್ಮನಿಗೆ,

ಇಷ್ಟು ದಿನ ಬರೆಯಲಿಲ್ಲ. ನವೆಂಬರಿಗೆ ಬರುತ್ತೇವೆ ಅಂದುಕೊಂಡೆವು, ಆಮೇಲೆ ಡಿಸೆಂಬರಿಗೆ ಅಂದುಕೊಂಡೆವು. ಚೆನ್ನಾಗಿಯೇ ಇದ್ದರಲ್ಲ, ಚೆನ್ನಾಗಿರುವ ಮನುಷ್ಯನನ್ನು ಕೈ ಹಿಡಿದು ಎಳೆದುಕೊಂಡು ಎಲ್ಲಿಗೆ ಹೋಗುವುದು.

ಈಗ ಒಂದು ತಿಂಗಳಿಂದ ನಿಮ್ಮಣ್ಣನ ದನಿ ಹೋಗಿದೆ. ಮೊದಲು ಥಂಡಿಗೆ ಗಂಟಲು ಕಟ್ಟಿದೆ ಅಂದುಕೊಂಡು ಕಷಾಯ ಕುಡಿಸಿದೆ. ಬಿಡಲಿಲ್ಲ. ಈಗ ಪಿಸುಮಾತಷ್ಟೇ ಬರುತ್ತದೆ. ಆಳುಗಳನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾರೆ. ಅಂಗಿ ಜೋತುಬಿದ್ದಿದೆ. ಕೆಮ್ಮಿನಲ್ಲಿ ರಕ್ತ ಬರುತ್ತಿದೆ. ಮೊದಲೂ ಸ್ವಲ್ಪ ಬರುತ್ತಿತ್ತು. ನಿನಗೆ ತಿಳಿಸಿರಲಿಲ್ಲ, ಅವರೇ ಬೇಡ ಅಂದಿದ್ದರು. ಅದಕ್ಕೇ ಟವಲ್ಲನ್ನು ಹಿತ್ತಲಲ್ಲಿ ಒಗೆಯುತ್ತಿದ್ದೆ.

"ಸೂಜಿ ಪವರ್ ಇಳದೈತಿ. ಸುಂಕಿಗೆ ಬರಿ, ಇನ್ನೊಂದು ಮಾಡು ಅನ್ನು. ಈ ಸಲ ಡಬಲ್ ಹಾಕು ಅನ್ನು" ಅಂತ ಕೈಸನ್ನೆ ಮಾಡಿ ಹೇಳುತ್ತಿದ್ದಾರೆ. ಇನ್ನೊಂದು ಮಾಡಿದರೆ ಮೊದಲಿನಂತೆ ಆಗುತ್ತಾರೆ ತಾನೆ? ಕಾಗದ ಕಂಡ ಕೂಡಲೇ ಬರೆ.

ಹೊನ್ನೂರಮ್ಮ

*

ಹೈದರಾಬಾದ್
20 ಜನವರಿ 1998

ಅತ್ತಿಗೆ,

'ಮೊದಲಿನಂತೆ ಆಗುತ್ತಾರೆ ತಾನೆ' ಅನ್ನುವ ನಿನ್ನ ಸಾಲನ್ನು ನಾಲ್ಕು ಸಲ ಓದಿದೆ. ನೀನು ನಿಜವಾಗಿಯೇ ಕೇಳುತ್ತಿದ್ದೀಯ ಅಂತ ಈಗ ಗೊತ್ತಾಯಿತು. ಇಷ್ಟು ದಿನ ಅಣ್ಣನಿಗಾಗಿ ನಾಟಕ ಮಾಡುತ್ತಿದ್ದೀಯ ಅಂದುಕೊಂಡಿದ್ದೆ.

ಈ ಕಾಗದವನ್ನೂ ಅಂಗನವಾಡಿಗೇ ಹಾಕುತ್ತಿದ್ದೇನೆ, ಬಿಡಿಸಿ ಬರೆಯುತ್ತೇನೆ. ಆ ಸೂಜಿಯಿಂದ ಯಾವ ರೋಗವೂ ವಾಸಿಯಾಗುವುದಿಲ್ಲ. ಚಿತ್ರದಲ್ಲಿ ಕಾಣಲಿ ಅಂತ ಹಾಕಿದ ಬಣ್ಣ ಅದು, ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತದೆ. ಗಂಟು ಅದನ್ನು ಬೇಗ ಹಿಡಿಯಿತು ಅಂದರೆ ಗಂಟು ಕೆಟ್ಟದ್ದು ಅಂತ ಅರ್ಥ. ಕ್ಯಾನ್ಸರ್. ಅಕ್ಟೋಬರ್ 13 ಎದೆ ಕೊಯ್ದು ಅದನ್ನು ತೆಗೆಯುವ ದಿನವಾಗಿತ್ತು. ಅಣ್ಣನ ಕೆಮ್ಮು ನಿಂತದ್ದು, ರೊಟ್ಟಿ ಉಂಡದ್ದು ಗುಳಿಗೆಯಿಂದ. ಗಂಟಿನ ಹಿಂದೆ ಕಫ ಕಟ್ಟಿ ಕೀವಾಗಿತ್ತು, ಗುಳಿಗೆ ಅದನ್ನು ತೊಳೆಯಿತು. ಗಂಟು ಬೆಳೆಯುತ್ತಲೇ ಇತ್ತು. ದನಿಯ ನರ ಅದೇ ರಕ್ತನಾಳದ ಕೆಳಗೆ ಸುತ್ತಿಕೊಂಡು ಹೋಗುತ್ತದೆ. ದನಿ ಹೋಯಿತು ಅಂದರೆ ಗಂಟು ಅಲ್ಲಿಯವರೆಗೆ ಬಂದಿದೆ.

ಈ ಕಾಗದ ಮುಟ್ಟಿದ ದಿನವೇ ಹೊರಡಿ. ಬಸ್ಸಿನಲ್ಲಿ ಕೂರಲಾಗದಿದ್ದರೆ ಜೀಪು ಮಾಡಿಕೊಂಡು ಬನ್ನಿ. ಅಣ್ಣನಿಗೆ ಏನೂ ಹೇಳಬೇಡ.

ಸುಂಕಲಮ್ಮ

*

ಕಂಪ್ಲಿ
18 ಫೆಬ್ರವರಿ 1998

ಸುಂಕಲಮ್ಮ,

ನಿಮ್ಮ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು "ಈಗ ಕೊಯ್ಯಲು ಬರುವುದಿಲ್ಲ, ರಕ್ತನಾಳಕ್ಕೆ ಸುತ್ತಿಕೊಂಡಿದೆ" ಅಂದಾಗ ನೀನು ಗೋಡೆ ನೋಡಿದೆ, ನಾನು ನೆಲ ನೋಡಿದೆ. ಇಲ್ಲಿ ಬಂದು ಬರೆಯುತ್ತಿದ್ದೇನೆ.

ನಿನ್ನ ಮೊದಲ ಕಾಗದವನ್ನು ಒಲೆಗೆ ಹಾಕಿದೆನಲ್ಲ. ಸೆಪ್ಟೆಂಬರಿನಲ್ಲಿ ಮೊದಲ ನಿಮಿಷದಲ್ಲೇ ಹಿಡಿದಿದೆ ಅಂತ ನೀನು ಬರೆದಾಗ, ಬೇಗ ಹಿಡಿದರೆ ಒಳ್ಳೆಯದು ಅಂತ ಬರೆದಿದ್ದೆಯೋ ಕೆಟ್ಟದ್ದು ಅಂತ ಬರೆದಿದ್ದೆಯೋ ನನಗೆ ಕೂಡಲೇ ನೆನಪಿಗೆ ಬರಲಿಲ್ಲ. ತೆಗೆದು ನೋಡೋಣವೆಂದರೆ ಕಾಗದ ಬೂದಿಯಾಗಿತ್ತು. ಸೂಜಿಯಿಂದ ವಾಸಿಯಾಗುತ್ತದೆ ಅಂತ ಓಣಿಯವರಿಗೆ, ಆಳುಗಳಿಗೆ, ಅವರಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ಅವರು ರೊಟ್ಟಿ ಉಣ್ಣುತ್ತಿದ್ದರು. ಒಂದು ದಿನ ಬಸ್‌ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿಗೆ ಹೋಗಿ, ನಿನ್ನ ಆಸ್ಪತ್ರೆಯ ನಂಬರಿನ ಚೀಟಿ ಕೈಯಲ್ಲಿ ಹಿಡಿದು, ಸರದಿಯಲ್ಲಿ ನಿಂತೆ. ನನ್ನ ಪಾಳಿ ಬಂದಾಗ ಹಿಂದಿನವರಿಗೆ ಬಿಟ್ಟುಕೊಟ್ಟು ಬಂದುಬಿಟ್ಟೆ. ಕೇಳಿದರೆ ನೀನು ಹೇಳಿಬಿಡುತ್ತಿದ್ದೆ. ಅದಕ್ಕೇ ಕೇಳಲಿಲ್ಲ. ನನ್ನ ಗಂಡನನ್ನು ನಾನೇ ಕೊಂದೆ ಅಂತ ಅನ್ನಿಸುತ್ತಿದೆ.

ಆದರೆ ನಿನ್ನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಕ್ಯಾನ್ಸರ್ ಅನ್ನುವ ಮಾತು ಬರೆಯಲು ನಿನಗೆ ಜನವರಿಯ ತನಕ ಬೇಕಾಯಿತು. ಸೆಪ್ಟೆಂಬರಿನಲ್ಲೇ ಅಂಗನವಾಡಿಗೆ ಎರಡು ಸಾಲು ಹಾಕಿದ್ದರೆ ಸಾಕಿತ್ತು. ಮೊದಲ ಸಲ ಹಾಕಿದ್ದೆಯಲ್ಲ. ಎಂಟು ತಾಸಿನ ದಾರಿ, ನೀನೇ ಬಂದಿದ್ದರೆ ಅವರ ಕಾಲಿಗೆ ಬಿದ್ದಾದರೂ ಒಪ್ಪಿಸುತ್ತಿದ್ದೆವು.

ನಿಮ್ಮಣ್ಣ ಎರಡನೇ ಸೂಜಿಯಾಯಿತು ಅಂತ ಖುಷಿಯಾಗಿದ್ದಾರೆ. ಮಲಗಿದಲ್ಲಿಂದಲೇ ಬಂದವರಿಗೆಲ್ಲ ತೋಳು ತೋರಿಸುತ್ತಾರೆ.

ಹೊನ್ನೂರಮ್ಮ

*

ಹೈದರಾಬಾದ್
2 ಮಾರ್ಚ್ 1998

ಅತ್ತಿಗೆ,

ನೀನು ಬರೆದದ್ದೆಲ್ಲ ಸರಿ. ರಜೆ ಸಿಗಲಿಲ್ಲ ಅಂತ ಬರೆದಿದ್ದೆ. ರಜೆ ಕೇಳಿರಲೇ ಇಲ್ಲ. ಕೇಳಿದ್ದರೆ ಕೊಡುತ್ತಿದ್ದರು. ಅಣ್ಣನ ಎದುರು ನಿಂತು "ನಿನ್ನ ಎದೆ ಕೊಯ್ಯಬೇಕು, ಅದಕ್ಕೇ ನಿನ್ನನ್ನು ಸುಳ್ಳು ಹೇಳಿ ಕರೆಸಿದ್ದೆ" ಅನ್ನಲು ನನ್ನಿಂದಾಗಲಿಲ್ಲ. ಚಿಕ್ಕವಳಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ಸಂಡೂರಿನ ಗುಡ್ಡ ಹತ್ತಿಸಿದವನು, ನನ್ನ ಓದಿಗೆ ಗಣಿಯ ದೂಳು ಕುಡಿದವನು. ದಿನಾ ಎಷ್ಟು ಜನರ ಗಂಟು ನೋಡುತ್ತೇನೆ. ಅವತ್ತು ಪರದೆಯ ಮೇಲೆ ಅಣ್ಣನ ಗಂಟು ಬೆಳ್ಳಗಾಗುತ್ತಿದ್ದ ಹಾಗೆ ಮೈಕಿನಲ್ಲಿ ಉಸಿರು ಬಿಡು ಅನ್ನುವುದನ್ನೇ ಮರೆತಿದ್ದೆ. ಪಾಪ, ನಾನು ಹೇಳಲಿ ಅಂತ ಅವನು ಹಿಡಿದುಕೊಂಡೇ ಇದ್ದ.

ಒಂದು ವಿಷಯ ಹೇಳುತ್ತೇನೆ, ಯಾರಿಗೂ ಹೇಳಬೇಡ. ಈ ಸಲ ಸೂಜಿಯ ಅಗತ್ಯವೇ ಇರಲಿಲ್ಲ. ಸೂಜಿಯಿಲ್ಲದ ಚಿತ್ರದಲ್ಲೇ ಎಲ್ಲ ಕಾಣುತ್ತಿತ್ತು. ಡಾಕ್ಟರನ್ನು ನಾನೇ ಕೇಳಿಕೊಂಡೆ. ಅವರು ನನ್ನ ಮುಖ ನೋಡಿ ಹೂಂ ಅಂದರು. ಸುರಂಗದಿಂದ ಹೊರಗೆ ಎಳೆದಾಗ ಅಣ್ಣ ನನ್ನ ಕೈ ಹಿಡಿದು "ಈ ಸಲ ಭಾಳ ತಣ್ಣಗಾತು, ಸುಂಕಿ" ಅಂತ ಪಿಸುಗುಟ್ಟಿದ.

ನಾನು ಅವನಿಗೆ ಕೊಡಲು ಸಾಧ್ಯವಾದದ್ದು ಇಷ್ಟೇ. ಅವನು ಆ ನಂಬಿಕೆಯಲ್ಲೇ ಇರಲಿ. ಬೇಡಿಕೊಳ್ಳುತ್ತೇನೆ ಅತ್ತಿಗೆ, ಇನ್ನು ಯಾವತ್ತೂ ಅವನಿಗೆ ಹೇಳಬೇಡ. ನೋವಿನ ಗುಳಿಗೆಗಳನ್ನು ಪಾರ್ಸೆಲ್ ಕಳಿಸಿದ್ದೇನೆ.

ಸುಂಕಲಮ್ಮ

*

ಕಂಪ್ಲಿ
16 ಏಪ್ರಿಲ್ 1998

ಸುಂಕಲಮ್ಮ,

ನಿಮ್ಮಣ್ಣನ ಮಣ್ಣು ಮುಗಿಸಿಕೊಂಡು ನೀನು ಹೊರಟಾಗ ಬಸ್ಸಿನ ಹತ್ತಿರ ಬಂದಿದ್ದೆ. "ಪುಣ್ಯಕ್ಕೆ ಅಣ್ಣ ಸೂಜಿಯನ್ನು ನಂಬಿಕೊಂಡೇ ಹೋದ" ಅಂತ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ನಾನು ಸುಮ್ಮನೆ ನಿನ್ನ ಬೆನ್ನು ಸವರಿದೆ.

ಅವರಿಗೆ ಗೊತ್ತಿತ್ತು ಸುಂಕಲಮ್ಮ. ನಾನೇ ಹೇಳಿದೆ.

ಸುಮ್ಮನಿರೋಣವೆಂದೇ ಇದ್ದೆ. ಆದರೆ ಯುಗಾದಿಯ ಹಿಂದುಮುಂದು ಮುದುಕಪ್ಪ ಬಂದ. ಬಳ್ಳಾರಿಯ ಡಾಕ್ಟರು ಅವನ ಎದೆಯಲ್ಲೂ ಗಂಟು ಇದೆ, ಸಣ್ಣದು, ಕೊಯ್ದು ತೆಗೆಯೋಣ ಅಂದಿದ್ದರಂತೆ. ಚೀಟಿ ಹಿಡಿದುಕೊಂಡು ಇವರನ್ನು ಕೇಳಲು ಬಂದಿದ್ದ. ಇವರು ಹಾಸಿಗೆಯಿಂದ ಏಳಲಾಗದಿದ್ದರೂ ಅವನ ಕೈಯಿಂದ ಚೀಟಿ ಕಿತ್ತುಕೊಂಡರು. "ಕೊಯ್ಸಿಕೋಬ್ಯಾಡಲೇ ಮುದುಕಾ. ಹಂಪಯ್ಯನ್ನ ಮರತಿಯೇನು? ನಮ್ಮ ಸುಂಕಿಗೆ ಬರಸ್ತೀನಿ. ಒಂದು ಸೂಜಿ ಸಾಕು" ಅಂದರು. ಮುದುಕಪ್ಪ ಇವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಇವರ ಮಾತೆಂದರೆ ಅವನಿಗೆ ವೇದ.

ಅವನು ಹೊಸಲು ದಾಟುವ ತನಕ ನೋಡುತ್ತಾ ನಿಂತೆ. ಆಮೇಲೆ ತಡೆಯಲಾಗಲಿಲ್ಲ. ಕರೆದು ಕೂರಿಸಿ ಇಬ್ಬರಿಗೂ ಹೇಳಿದೆ. ಸೂಜಿ ಬರೀ ಬಣ್ಣ ಅಂದೆ. ಅಕ್ಟೋಬರಿನಲ್ಲಿ ಕೊಯ್ದು ತೆಗೆಯಬೇಕಿತ್ತು, ನಮ್ಮಿಬ್ಬರಿಗೂ ಗೊತ್ತಿತ್ತು, ನಿಮ್ಮಿಂದ ಮುಚ್ಚಿಟ್ಟೆವು ಅಂದೆ.

ಅವರು "ಹಂಗಾರ ನಾ ಗುಣ ಆಗಿದ್ದು? ರೊಟ್ಟಿ ತಿಂದದ್ದು? ಅದೆಲ್ಲಾ ಏನಲೇ?" ಅಂದರು.

"ಗುಳಿಗಿ" ಅಂದೆ.

"ಗುಳಿಗಿ" ಅಂತ ನಕ್ಕರು. ನಗು ಕೆಮ್ಮಾಯಿತು, ಟವಲ್ಲೆಲ್ಲ ಕೆಂಪಾಯಿತು. ಕೆಮ್ಮು ನಿಂತ ಮೇಲೆ ಚೀಟಿಯನ್ನು ಮುದುಕಪ್ಪನ ಕೈಗೆ ವಾಪಸು ಇಟ್ಟರು. "ಹೋಗಲೇ. ಕೊಯ್ಸಿಕೋ. ನಾಳೆನೇ ಹೋಗು" ಅಂದರು. ಅವನು ಅಳುತ್ತಾ ಹೋದ. ಹೋಗಿ ಕೊಯ್ಯಿಸಿಕೊಂಡಿದ್ದಾನೆ. ಜೀವದಿಂದಿದ್ದಾನೆ ಅಂತ ನಿನ್ನೆ ಸುದ್ದಿ ಬಂತು.

ಅವತ್ತಿನಿಂದ ನಿಮ್ಮಣ್ಣ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಪಕ್ಕದ ಮನೆಯ ಎರ್ರೆಮ್ಮ ಬಂದು ಕುಡಿಸುತ್ತಿದ್ದಳು. ನಾನು ಲೋಟ ಹಿಡಿದು ಹತ್ತಿರ ಹೋದರೆ ಮುಖ ಗೋಡೆಯ ಕಡೆಗೆ ತಿರುಗಿಸುತ್ತಿದ್ದರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಮನುಷ್ಯ. ಅಡುಗೆಮನೆಯಲ್ಲಿ ಕುಳಿತು, ಅವರಿಗೆ ಕೇಳಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆ. ಹೇಳಬಾರದಿತ್ತು ಅಂತ ಒಮ್ಮೆ ಅನ್ನಿಸುತ್ತಿತ್ತು, ಮುದುಕಪ್ಪನ ಮಕ್ಕಳ ಮುಖ ನೆನೆದರೆ ಹೇಳಿದ್ದು ಸರಿ ಅನ್ನಿಸುತ್ತಿತ್ತು.

ಹೋಗುವ ಹಿಂದಿನ ದಿನ ಸಂಜೆ ಚಪ್ಪಾಳೆ ತಟ್ಟಿದರು. ಎರ್ರೆಮ್ಮನನ್ನು ಕರೆಯುತ್ತಿದ್ದಾರೆ ಅಂದುಕೊಂಡು ಹೊರಗೆ ಹೊರಟೆ. ಇಲ್ಲ, ನೀನೇ ಬಾ ಅಂತ ಕೈ ಮಾಡಿದರು. ಬಾಯಿಯ ಹತ್ತಿರ ಕಿವಿಯಿಟ್ಟೆ. ನನ್ನನ್ನು ಬೈಯುತ್ತಾರೆ, ಇಲ್ಲವೇ ಕ್ಷಮಿಸಿದೆ ಅನ್ನುತ್ತಾರೆ ಅಂದುಕೊಂಡಿದ್ದೆ. ಎರಡೂ ಅನ್ನಲಿಲ್ಲ.

"ನನಗ ಗೊತ್ತಾಗೈತಿ ಅಂತ ಸುಂಕಿಗೆ ಹೇಳಬ್ಯಾಡ. ಎರಡು ಸಲ ತನ್ನ ಕೈಯಾರೆ ಸೂಜಿ ಮಾಡ್ಯಾಳ ಆಕಿ. ಅಣ್ಣ ಅದನ್ನ ನಂಬಿಕೊಂಡ ಹ್ವಾದ ಅಂತನ ತಿಳಕೊಂಡಿರ್ಲಿ. ಇಲ್ಲಂದ್ರ ಆ ಮಷೀನ್ ಮುಂದ ಕುಂತು ಕೆಲಸ ಮಾಡಾಕ ಆಕಿಗೆ ಆಗೂದಿಲ್ಲ."

ಹೂಂ ಅಂದೆ. ಆಗ ನನ್ನ ಕೈಯಿಂದ ಒಂದು ಗುಟುಕು ನೀರು ಕುಡಿದರು.

ಅವರಿಗೆ ಕೊಟ್ಟ ಕಡೆಯ ಮಾತನ್ನು ಇಷ್ಟು ದಿನ ಹೇಗೋ ಉಳಿಸಿಕೊಂಡೆ. ಇನ್ನು ಆಗುವುದಿಲ್ಲ. ನಾನು ನಿನಗೆ ಮುಚ್ಚಿಟ್ಟು, ನೀನು ನನಗೆ ಮುಚ್ಚಿಟ್ಟು ಏನಾಯಿತೆಂದು ನೋಡಿದೆವು. ನಿನಗೆ ಹೇಳಬೇಡ ಅಂದಿದ್ದರು. ಹೇಳಿದ್ದೇನೆ.

ನಿನ್ನ ಅತ್ತಿಗೆ
ಹೊನ್ನೂರಮ್ಮ